ಚೀನೀ ವೈದ್ಯದಲ್ಲಿ ಶಿಶುವಿನ ದೇಹಪ್ರಕೃತಿ ಮತ್ತು ನಿತ್ಯಪೋಷಣೆ

ಚೀನಾ ದೇಶದ ಪ್ರಾಚೀನ ವೈದ್ಯರು ಮಕ್ಕಳ ದೇಹಪ್ರಕೃತಿಯನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ತಕ್ಕ ಆಹಾರವಿಹಾರಗಳನ್ನು ವಿಧಿಸಿದ್ದರೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಈ ಲೇಖಕನೂ ತರಗತಿಯಲ್ಲಿ ಒಮ್ಮೆ ಹಾಗೆಯೇ ಹೇಳಿದ್ದುಂಟು. ಆ ಒಂಬತ್ತು ಬಗೆಗಳು ಯಾವ ಗ್ರಂಥದಲ್ಲಿ ಬಂದಿವೆಯೆಂದು ವಿದ್ಯಾರ್ಥಿಯೊಬ್ಬನು ಪ್ರಶ್ನಿಸಿದಾಗ ಉತ್ತರ ತೋಚಲಿಲ್ಲ. ಹುಡುಕಹೊರಟಾಗ ತಿಳಿದುಬಂದ ಸಂಗತಿಯೇ ಬೇರೆ.

ಚೀನೀ ವೈದ್ಯದ ಮೂಲಗ್ರಂಥವಾದ ‘ಹುವಾಂಗ್‌ದಿ ನೈಜಿಂಗ್’ನಲ್ಲಿ ಮನುಷ್ಯರ ವಿಂಗಡಣೆ ಇಲ್ಲದಿಲ್ಲ. ಅದರ ‘ಲಿಂಗ್‌ಶು’ ಭಾಗವು ಪಂಚಭೂತಗಳಿಗೆ ಅನುಸಾರವಾಗಿ ಇಪ್ಪತ್ತೈದು ಬಗೆಯ ಜನರನ್ನು ವರ್ಣಿಸುತ್ತದೆ. ಆದರೆ ಶಿಶುಗಳ ವಿಷಯ ಬಂದಾಗ ಅವುಗಳ ಮಾಂಸ ಮೃದು, ರಕ್ತ ಅಲ್ಪ, ‘ಚೀ’ ಎಂಬ ಪ್ರಾಣಶಕ್ತಿ ದುರ್ಬಲ ಎಂದು ಎಲ್ಲವನ್ನೂ ಒಟ್ಟಾಗಿಯೇ ಹೇಳಿಬಿಡುತ್ತದೆ. ಎಂದರೆ, ಶೈಶವವೇ ಒಂದು ಪ್ರಕೃತಿ. ಇಲ್ಲಿ ನಮ್ಮ ಆಯುರ್ವೇದವು ನೆನಪಿಗೆ ಬರುವುದು ಸಹಜ. ಆದರೆ ಆಯುರ್ವೇದದ ಪ್ರಕೃತಿಯು ಗರ್ಭಧಾರಣೆಯ ಕಾಲದಲ್ಲಿಯೇ ನಿಶ್ಚಿತವಾಗಿ ಜೀವನಪರ್ಯಂತ ಉಳಿಯತಕ್ಕದ್ದು. ಚೀನೀ ಶಿಶುವೈದ್ಯರು ಹೇಳುವುದು ಬೆಳೆಯುತ್ತ ಕಳೆದುಹೋಗುವ ಒಂದು ಅವಸ್ಥೆಯನ್ನು. ಎರಡನ್ನೂ ಒಂದೆಂದು ಭಾವಿಸಲಾಗದು.

ಈ ಅವಸ್ಥೆಯ ಸ್ವರೂಪವೇನೆಂಬ ವಿಷಯದಲ್ಲಿ ಅಲ್ಲಿನ ವೈದ್ಯರೊಳಗೆ ಶತಮಾನಗಳ ಕಾಲ ವಿವಾದ ನಡೆಯಿತು. ಅದರ ನಡುವೆ ನಿಲ್ಲುವ ಪುರುಷನು ಸುಂಗ್ ವಂಶದ ಕಾಲದ ಚಿಯೆನ್ ಯಿ (ಸು. 1032-1113). ಈತನ ಚರಿತ್ರೆ ಮನಸ್ಸಿಗೆ ತಟ್ಟುವಂಥದು. ತಾಯಿ ಮೊದಲೇ ತೀರಿಕೊಂಡಿದ್ದಳು. ಕುಡಿತ ಮತ್ತು ಸಂಚಾರಗಳಲ್ಲಿ ಆಸಕ್ತನಾದ ತಂದೆ, ಮಗುವಿಗೆ ಮೂರು ವರ್ಷವಾಗಿದ್ದಾಗ ಪೂರ್ವಸಮುದ್ರದ ಕಡೆಗೆ ಹೊರಟುಹೋದವನು ಹಿಂತಿರುಗಲಿಲ್ಲ. ಸೋದರತ್ತೆಯ ಮನೆಯಲ್ಲಿ ಬೆಳೆದು, ಆಕೆಯ ಗಂಡನಿಂದ ವೈದ್ಯವನ್ನು ಕಲಿತ ಚಿಯೆನ್ ಯಿ, ದೊಡ್ಡವನಾದ ಮೇಲೆ ಹಲವು ಬಾರಿ ಪಯಣಮಾಡಿ ಆ ತಂದೆಯನ್ನು ಹುಡುಕಿ ಮನೆಗೆ ಕರೆತಂದನಂತೆ. ಮಕ್ಕಳ ವೈದ್ಯದಲ್ಲಿ ಹೆಸರಾಗಿ ರಾಜಧಾನಿಗೆ ಕರೆಸಲ್ಪಟ್ಟು, ರಾಜಕುಮಾರನೊಬ್ಬನ ಸೆಳವನ್ನು ಗುಣಪಡಿಸಿ ಆಸ್ಥಾನದಲ್ಲಿ ಪದವಿಯನ್ನು ಪಡೆದನು. ಅವನ ಉಪದೇಶಗಳನ್ನೂ ಚಿಕಿತ್ಸಾವೃತ್ತಾಂತಗಳನ್ನೂ ಯೆನ್ ಜಿಝೊಂಗ್ ಎಂಬಾತನು ಸಂಗ್ರಹಿಸಿ 1119ರಲ್ಲಿ ಪ್ರಕಟಿಸಿದನು.

ಮಗು ತನ್ನ ನೋವನ್ನು ಹೇಳಲಾರದು. ಆದುದರಿಂದಲೇ ಚೀನೀಯರು ಶಿಶುವೈದ್ಯವನ್ನು ‘ಮೂಕವಿಭಾಗ’ ಎಂದು ಕರೆದರು. ಮೊಗದ ಬಣ್ಣವನ್ನು ನೋಡಿ ರೋಗವನ್ನು ಊಹಿಸುವ ಕ್ರಮವನ್ನು ಚಿಯೆನ್ ಯಿ ಬಳಸಿದನು: ಎಡಗೆನ್ನೆ ಯಕೃತ್ತಿಗೆ, ಬಲಗೆನ್ನೆ ಶ್ವಾಸಕೋಶಕ್ಕೆ, ಹಣೆ ಹೃದಯಕ್ಕೆ, ಮೂಗು ಪ್ಲೀಹಕ್ಕೆ, ಗಲ್ಲ ಮೂತ್ರಪಿಂಡಕ್ಕೆ ಕನ್ನಡಿ. ಶಿಶುವು ‘ಶುದ್ಧ ಯಾಂಗ್’, ಅರ್ಥಾತ್ ಉಷ್ಣಚೈತನ್ಯಪ್ರಧಾನವೆಂಬ ಮಾತು ‘ಲುಶಿನ್ ಜಿಂಗ್’ ಎಂಬ ಪೂರ್ವಗ್ರಂಥದಲ್ಲಿ ಆಗಲೇ ಇದ್ದಿತು. ಇದಕ್ಕೆ ಅನುಗುಣವಾಗಿ ಚಿಯೆನ್ ಯಿ, ಹಳೆಯದೊಂದು ಎಂಟು ದ್ರವ್ಯಗಳ ಗುಳಿಗೆಯಿಂದ ಉಷ್ಣಕರವಾದ ದಾಲ್ಚಿನ್ನಿಯನ್ನೂ ವತ್ಸನಾಭಿಯ ಜಾತಿಯ ಗೆಡ್ಡೆಯನ್ನೂ ತೆಗೆದು ಆರು ದ್ರವ್ಯಗಳನ್ನು ಮಾತ್ರ ಉಳಿಸಿದನು. ನೆತ್ತಿ ಕೂಡದ, ದನಿ ಹೊರಡದ ದುರ್ಬಲ ಶಿಶುಗಳಿಗಾಗಿ ಹುಟ್ಟಿದ ಆ ಗುಳಿಗೆಯನ್ನು ಇಂದು ಚೀನಾದಲ್ಲಿ ವಯಸ್ಕರೇ ವಿಶೇಷವಾಗಿ ಸೇವಿಸುತ್ತಾರೆಂಬುದು ವಿನೋದದ ಸಂಗತಿ.

ಸಿದ್ಧಾಂತವೇನೋ ಸರಳವಾಗಿತ್ತು; ಅಪಾಯವೂ ಅಲ್ಲಿಯೇ ಇದ್ದಿತು. ಮಗು ಉಷ್ಣಪ್ರಧಾನವೆಂದು ಒಪ್ಪಿದ ವೈದ್ಯನು ಶೀತೌಷಧಗಳನ್ನು ಧಾರಾಳವಾಗಿ ಕೊಡಬಹುದಲ್ಲವೆ? 13ನೆಯ ಶತಮಾನದ ಛೆನ್ ವೆನ್‌ಝೊಂಗ್ ಇದನ್ನು ಪ್ರತಿಭಟಿಸಿ ಉಷ್ಣಚಿಕಿತ್ಸೆಯ ಪಕ್ಷವನ್ನು ಹಿಡಿದನು. ಮುಂದೆ ವು ಜುತೋಂಗ್ (1758-1836) ವಿವಾದಕ್ಕೆ ಹೊಸ ತಿರುವನ್ನು ಕೊಟ್ಟನು. ಶುದ್ಧವೆಂದರೆ ಅಧಿಕವೆಂದು ಅರ್ಥವಲ್ಲ; ಮಗುವಿನಲ್ಲಿ ಯಾಂಗ್ ಇನ್ನೂ ಎಳೆಯದು, ಯಿನ್ ಸಹ ಎಳೆಯದು; ಕಹಿಯೂ ಶೀತವೂ ಆದ ಮದ್ದು ಎರಡನ್ನೂ ಕೆಡಿಸುತ್ತದೆ ಎಂಬುದು ಅವನ ವಾದ. ಈ ಲೇಖಕನಿಗೆ ಈ ವಾದವೇ ಹೆಚ್ಚು ಸೂಕ್ಷ್ಮವಾಗಿ ಕಾಣುತ್ತದೆ.

ನಿತ್ಯಪೋಷಣೆಯ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅವುಗಳಲ್ಲಿ ಅತ್ಯಂತ ಮನೋಹರವಾದವು 610ರಲ್ಲಿ ಸಿದ್ಧವಾದ ಛಾವ್ ಯುವಾನ್‌ಫಾಂಗನ ಗ್ರಂಥದಲ್ಲಿವೆ. ಎಳೆಗೂಸಿಗೆ ದಪ್ಪ ಬಟ್ಟೆಯನ್ನು ಹೊದಿಸಬಾರದು, ಎಲುಬು ನರಗಳು ಸಡಿಲವಾಗುತ್ತವೆ. ಹೊದಿಕೆಗೆ ಹೊಸ ತುಂಬು ಬೇಡ, ಹಳೆಯದೇ ಲೇಸು. ಗಾಳಿಯಿಲ್ಲದ ಬೆಚ್ಚನೆಯ ದಿನಗಳಲ್ಲಿ ತಾಯಿ ಕೂಸನ್ನೆತ್ತಿಕೊಂಡು ಬಿಸಿಲಿನಲ್ಲಿ ಆಡಬೇಕು, ನೆರಳಿನಲ್ಲಿಯೇ ಬೆಳೆದ ಗಿಡ ಗಾಳಿಬಿಸಿಲನ್ನು ತಾಳದು. ತೆಳುವಸ್ತ್ರದ ಅಭ್ಯಾಸವನ್ನು ಶರತ್ಕಾಲದಲ್ಲಿ ತೊಡಗಬೇಕೇ ಹೊರತು ವಸಂತದಲ್ಲಿ ಥಟ್ಟನೆ ಬಟ್ಟೆ ಕಡಮೆಮಾಡಬಾರದೆಂಬ ಸೂಚನೆಯಲ್ಲಿ ಮನೆಯ ಹಿರಿಯ ಹೆಂಗಸಿನ ದನಿಯೇ ಕೇಳಿಸುತ್ತದೆ. ಅದೇ ಶತಮಾನದ ಸುನ್ ಸಿಮಿಯಾವ್ ಗಂಡುಕೂಸನ್ನು ತಂದೆಯ, ಹೆಣ್ಣುಕೂಸನ್ನು ತಾಯಿಯ ಹಳೆಯ ಬಟ್ಟೆಯಲ್ಲಿ ಸುತ್ತಬೇಕೆಂದನು. ಮಿಂಗ್ ಕಾಲದ ವಾನ್ ಛ್ವಾನ್, ಮಕ್ಕಳ ಪ್ಲೀಹ ಯಾವಾಗಲೂ ಕೊರತೆಯದು, ಆದುದರಿಂದ ಮಿತಾಹಾರವೇ ಹಿತವೆಂದು ಬೋಧಿಸಿದನು.

ಛೆನ್ ವೆನ್‌ಝೊಂಗನ ಪೋಷಣಸೂತ್ರಗಳು ಹತ್ತು. ಬೆನ್ನು, ಹೊಟ್ಟೆ, ಪಾದಗಳು ಬೆಚ್ಚಗಿರಲಿ, ತಲೆ ಮತ್ತು ಎದೆ ತಂಪಾಗಿರಲಿ. ಅಳು ನಿಲ್ಲುವ ಮೊದಲು ಹಾಲೂಡಿಸಬೇಡ. ವಿಚಿತ್ರ ವಸ್ತುಗಳನ್ನು ತೋರಿಸಬೇಡ ಎಂದು ಸಾಗುವ ಈ ಪಟ್ಟಿಯಲ್ಲಿ ಒಂಬತ್ತನೆಯದು ಬೇರೆ ಬಗೆಯದು: ಮಗುವಿಗೆ ರಸಕರ್ಪೂರವನ್ನೂ ಇಂಗುಲೀಕವನ್ನೂ ಕೊಡಕೂಡದು. ಎರಡೂ ಪಾದರಸದ ಸಂಯುಕ್ತಗಳು. ಸ್ವತಃ ಚಿಯೆನ್ ಯಿಯ ಗ್ರಂಥದ ಗುಳಿಗೆಗಳಲ್ಲಿ ಅವು ಸಲ್ಲುತ್ತಿದ್ದವು. ಅವು ವಿಷಕರವೆಂಬುದರಲ್ಲಿ ಇಂದು ಸಂದೇಹವಿಲ್ಲ. ನಿತ್ಯಪೋಷಣೆಯ ನಿಯಮಗಳ ನಡುವೆ ಈ ಮಾತು ಬಂದಿರುವುದರಿಂದ, ಮಗುವನ್ನು ಶೀತದಿಂದ ಮಾತ್ರವಲ್ಲದೆ ವೈದ್ಯರಿಂದಲೂ ಕಾಪಾಡುವುದು ಅವನ ಉದ್ದೇಶವಾಗಿತ್ತೆಂದು ಹೇಳಬಹುದು.

ಇನ್ನು ಆ ಒಂಬತ್ತು ಬಗೆಗಳು. ಬೀಜಿಂಗಿನ ವಾಂಗ್ ಚಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಿಂದೀಚೆಗೆ ರೂಪಿಸಿದ ಈ ವಿಂಗಡಣೆಯನ್ನು ಚೀನೀ ವೈದ್ಯದ ವೃತ್ತಿಸಂಘವು 2009ರಲ್ಲಿ ಮಾನದಂಡವಾಗಿ ಹೊರಡಿಸಿತು. ಸಮಪ್ರಕೃತಿ ಒಂದು, ಚೀ-ಕೊರತೆ, ಯಾಂಗ್-ಕೊರತೆ, ಯಿನ್-ಕೊರತೆ, ಕಫ-ತೇವ, ತೇವ-ಉಷ್ಣ ಮೊದಲಾದ ಎಂಟು ವಿಷಮಪ್ರಕೃತಿಗಳು. ಪ್ರಶ್ನಾವಳಿಗೆ ರೋಗಿಯು ತಾನೇ ಉತ್ತರಿಸಿ ನಿರ್ಣಯಿಸುವ ಈ ಕ್ರಮವು ಮೂಲತಃ ವಯಸ್ಕರದು. ಮಾತು ಬಾರದ ಕೂಸಿಗೆ ಅದು ಹೊಂದದೆಂದೇ ಶಿಶುವೈದ್ಯರು ಬೇರೆ ಬೇರೆ ಪಟ್ಟಿಗಳನ್ನು ಮಾಡಿಕೊಂಡಿದ್ದಾರೆ. ಅವುಗಳ ಎಣಿಕೆಯೂ ಹೆಸರುಗಳೂ ಒಬ್ಬರಿಂದೊಬ್ಬರಿಗೆ ಭಿನ್ನ. ಪದಗಳು ಹಳೆಯವು, ಪಟ್ಟಿ ಹೊಸದು. ಆ ವಿದ್ಯಾರ್ಥಿಗೆ ಮರುವಾರ ಹೇಳಿದ ಉತ್ತರವೂ ಇಷ್ಟೇ.