ಬೆಳಕಿನ ದೋಷಕ್ಕೆ ಬೆಳಕಿನಲ್ಲೇ ಮದ್ದು

ಆಪ್ಟಿಕಲ್ ಫೈಬರಿನೊಳಗೆ ಓಡುವ ಒಂದು ಬಿಟ್‌ನ ಉದ್ದ ಎಷ್ಟು? ಸೆಕೆಂಡಿಗೆ 1,000 ಕೋಟಿ ಬಿಟ್, ಅಂದರೆ 10 ಗಿಗಾಬಿಟ್ ವೇಗದಲ್ಲಿ ಮಾಹಿತಿ ಕಳಿಸುವಾಗ ಒಂದೊಂದು ಬಿಟ್‌ಗೆ ಸಿಗುವ ಕಾಲ 100 ಪಿಕೋಸೆಕೆಂಡ್. ಅಷ್ಟರಲ್ಲಿ ಬೆಳಕು ಗಾಜಿನಲ್ಲಿ ಸಾಗುವುದು ಸುಮಾರು 2 ಸೆಂಟಿಮೀಟರ್. ನಮ್ಮ ಮಾತು, ಚಿತ್ರ, ಹಣದ ವ್ಯವಹಾರವೆಲ್ಲ ಹೆಬ್ಬೆರಳಿನ ಅಗಲದ ಬೆಳಕಿನ ತುಣುಕುಗಳಾಗಿ, ಒಂದರ ಬೆನ್ನಿಗೊಂದು ಓಡುತ್ತವೆ.

ತೊಂದರೆ ಶುರುವಾಗುವುದು ಈ ಓಟದಲ್ಲೇ. ಲೇಸರ್ ಬೆಳಕು ಒಂದೇ ಬಣ್ಣದ್ದು ಎನ್ನುತ್ತೇವೆ. ಅದನ್ನು ಇಷ್ಟು ಬೇಗಬೇಗ ಹೊತ್ತಿಸಿ ಆರಿಸಿದಾಗ ಅಕ್ಕಪಕ್ಕದ ಅಲೆಯುದ್ದಗಳೂ ಸೇರಿಕೊಳ್ಳುತ್ತವೆ. ಗಾಜಿನಲ್ಲಿ ಅವುಗಳ ವೇಗ ಬೇರೆಬೇರೆ. ಗುಂಪುಗುಂಪಾಗಿ ಪಾದಯಾತ್ರೆ ಹೊರಟವರನ್ನು ನೋಡಿ: ಹತ್ತು ಮೈಲಿ ನಡೆಯುವಷ್ಟರಲ್ಲಿ ಮುಂದಿನ ಗುಂಪಿನ ನಿಧಾನಿಗಳೂ ಹಿಂದಿನ ಗುಂಪಿನ ಚುರುಕುಗಾಲಿನವರೂ ಬೆರೆತುಹೋಗಿರುತ್ತಾರೆ. ವರ್ಣ ಪ್ರಸರಣ ಎಂದರೆ ಇದೇ. ಸಾಮಾನ್ಯ ಫೈಬರಿನಲ್ಲಿ, 1550 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ, ಅಲೆಯುದ್ದದಲ್ಲಿ 1 ನ್ಯಾನೊಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಅಂತರ ಬೀಳುತ್ತದೆ. 10 ಗಿಗಾಬಿಟ್ ಸಂಕೇತದಲ್ಲಿ ಆ ವ್ಯತ್ಯಾಸ ನ್ಯಾನೊಮೀಟರಿನ ಹತ್ತನೇ ಒಂದು ಪಾಲಿನಷ್ಟೇ. ಆದರೂ 125 ಕಿಲೋಮೀಟರ್ ಮುಗಿಯುವಾಗ ಅಂತರ ಸುಮಾರು 200 ಪಿಕೋಸೆಕೆಂಡ್, ಎರಡು ಬಿಟ್‌ಗಳಷ್ಟು! ಸೊನ್ನೆ ಯಾವುದು, ಒಂದು ಯಾವುದು ಎಂಬುದೇ ತಿಳಿಯದಾಗುತ್ತದೆ. ವೇಗ ಇಮ್ಮಡಿಯಾದರೆ ಈ ಕಾಟ ನಾಲ್ಮಡಿ.

ಇದಕ್ಕೆ ಹಳೆಯ ಮದ್ದು, ತದ್ವಿರುದ್ಧ ಗುಣದ ವಿಶೇಷ ಫೈಬರನ್ನು ಕಿಲೋಮೀಟರುಗಟ್ಟಲೆ ಸುತ್ತಿ ದಾರಿಯಲ್ಲಿ ಸೇರಿಸುವುದು. ಅದು ಜಾಗ ಬೇಡುತ್ತದೆ, ಬೆಳಕನ್ನೂ ನುಂಗುತ್ತದೆ. ಬೆಳಕನ್ನು ವಿದ್ಯುತ್ತಾಗಿಸಿದ ಮೇಲೆ ಲೆಕ್ಕ ಹಾಕಿ ಸರಿಪಡಿಸುವುದು ಇನ್ನೊಂದು ದಾರಿ. ಆದರೆ ಸಾಮಾನ್ಯ ಬೆಳಕುಗ್ರಾಹಕಕ್ಕೆ ಕಾಣುವುದು ಪ್ರಖರತೆ ಮಾತ್ರ. ಅಲೆ ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬ ವಿವರ, ಅಂದರೆ ಅದರ ಹಂತ, ಅಲ್ಲೇ ಕಳೆದುಹೋಗುತ್ತದೆ. ಅದನ್ನೂ ಹಿಡಿದಿಡಬಲ್ಲ ಗ್ರಾಹಕಗಳಿವೆ. ಅವು ದುಬಾರಿ, ಅವುಗಳ ಲೆಕ್ಕಕ್ಕೆ ವಿದ್ಯುತ್ತೂ ಹೆಚ್ಚು ಬೇಕು.

ಬೆಳಕು ಬೆಳಕಾಗಿರುವಾಗಲೇ ತಿದ್ದಿದರೆ? ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಮಾಡಿತು. ಅವರ ಸಿಲಿಕಾನ್ ಚಿಪ್‌ನಲ್ಲಿ ಬೆಳಕು ನಾಲ್ಕು ಕವಲಾಗಿ ಒಡೆಯುತ್ತದೆ. ಒಂದೊಂದು ಕವಲೂ ಒಂದೊಂದು ಪ್ರಮಾಣದಲ್ಲಿ ತಡವಾಗುತ್ತದೆ. ಸಿಲಿಕಾನ್ ಬೆಳಕನ್ನು ಗಾಜಿಗಿಂತಲೂ ನಿಧಾನಗೊಳಿಸುವುದರಿಂದ 25 ಪಿಕೋಸೆಕೆಂಡ್ ತಡೆಯಲು 2 ಮಿಲಿಮೀಟರಿಗೂ ಕಡಿಮೆ ದಾರಿ ಸಾಕು. ಅದನ್ನು ಚಕ್ಕುಲಿಯಂತೆ ಸುತ್ತಿಡಬಹುದು. ಕವಲುಗಳ ಪಕ್ಕದಲ್ಲಿ ಪುಟ್ಟ ಹೀಟರುಗಳಿವೆ. ಸಿಲಿಕಾನ್ ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ ಬದಲಾಗಿ, ಅಲೆಯ ಹಂತ ಸರಿಯುತ್ತದೆ. ಕೊನೆಗೆ ನಾಲ್ಕೂ ಕವಲು ಕೂಡುವಲ್ಲಿ, ಹಿಂದಿನ ಬಿಟ್‌ನಿಂದ ಚಾಚಿಬಂದ ಬಾಲಕ್ಕೆ ಎದುರಲೆ ಬಡಿದು ಅದು ಅಳಿಯುತ್ತದೆ.

ಯಾವ ಹೀಟರಿಗೆ ಎಷ್ಟು ವಿದ್ಯುತ್? ಇದನ್ನು ಚಿಪ್‌ಗೆ ಕಲಿಸಲಾಗುತ್ತದೆ. ಗೊತ್ತಿರುವ ಬಿಟ್ ಸಾಲನ್ನು ಕಳಿಸಿ, ಸೊನ್ನೆಗಳ ಪ್ರಖರತೆಯೂ ಒಂದುಗಳ ಪ್ರಖರತೆಯೂ ಸಾಧ್ಯವಾದಷ್ಟು ದೂರ ಸರಿಯುವವರೆಗೆ ವಿದ್ಯುತ್ತನ್ನು ಹೊಂದಿಸುತ್ತಾರೆ. ಕೃತಕ ನರಜಾಲ (ನ್ಯೂರಲ್ ನೆಟ್‌ವರ್ಕ್) ಕಲಿಯುವ ರೀತಿಯೂ ಇದೇ. ಹೀಗೆ ಪಳಗಿದ ಚಿಪ್ 125 ಕಿಲೋಮೀಟರ್ ಓಡಿಬಂದ 10 ಗಿಗಾಬಿಟ್ ಸಂಕೇತವನ್ನು ತಿದ್ದಿತು.

ಚಿಪ್ ಕೂಡ ಒಂದಿಷ್ಟು ಬೆಳಕನ್ನು ನುಂಗುತ್ತದೆ. ತಿದ್ದಿದ್ದರ ಲಾಭದಿಂದ ಆ ನಷ್ಟ ತುಂಬಿಬಂದದ್ದು ದಾರಿ 100 ಕಿಲೋಮೀಟರ್ ಮೀರಿದಾಗ. ಅಂದರೆ ಇದು ಎಲ್ಲ ದಾರಿಗೂ ಮದ್ದಲ್ಲ. ಆದರೆ ಕಂಪ್ಯೂಟರ್ ಚಿಪ್ ತಯಾರಿಸುವ ವಿಧಾನದಲ್ಲೇ ಇದನ್ನೂ ತಯಾರಿಸಬಹುದು. ದೂರದ ದಾರಿಯಲ್ಲಿ ಕಿಲೋಮೀಟರುಗಟ್ಟಲೆ ಫೈಬರ್ ಮಾಡುತ್ತಿದ್ದ ಕೆಲಸವನ್ನು ಬೆರಳತುದಿಯ ಚೂರೊಂದು ಮಾಡಬಲ್ಲದು ಎಂಬುದು ಈಗ ಪ್ರಯೋಗದಲ್ಲಿ ಸಿದ್ಧವಾದ ಮಾತು.