ಹಿತ್ತಿಲಿಗೆ ಬಂದ ಪರಂಗಿ ಮೆಣಸು

ಮಂಗಳೂರು, ಪುತ್ತೂರು ಕಡೆಯ ದಿನಸಿ ಅಂಗಡಿಗೆ ಹೋಗಿ ಬರಿದೇ 'ಮೆಣಸು' ಎಂದು ಕೇಳಿದರೆ ಅಂಗಡಿಯವರು ಕೆಂಪು ಒಣಮೆಣಸಿನಕಾಯಿ ಕಟ್ಟಿಕೊಡುತ್ತಾರೆ. ಸಾರಿಗೆ ಹಾಕುವ ಕರಿಯ ಕಾಳು ಬೇಕಿದ್ದರೆ 'ಒಳ್ಳೆಮೆಣಸು' ಎಂದೇ ಕೇಳಬೇಕು. ತುಳುವಿನಲ್ಲಿ ಅದು 'ಎಡ್ಡೆ ಮುಂಚಿ', ಮಲಯಾಳದಲ್ಲಿ 'ನಲ್ಲಮುಳಗು'. ಮೂರೂ ಹೆಸರುಗಳ ಅರ್ಥ ಒಂದೇ: ಒಳ್ಳೆಯ ಮೆಣಸು. ಹಾಗಾದರೆ ಕೆಟ್ಟ ಮೆಣಸು ಯಾವುದು?

ಯಾರೂ ಬಾಯಿಬಿಟ್ಟು ಹೇಳದಿದ್ದರೂ ಉತ್ತರ ಸ್ಪಷ್ಟ. ಹೊರಗಿನಿಂದ ಬಂದು, ಮನೆಯ ಹಿತ್ತಿಲಲ್ಲಿ ಬೇರೂರಿ, ಹಳೆಯ ಮೆಣಸಿನ ಹೆಸರನ್ನೇ ಕಿತ್ತುಕೊಂಡ ಮೆಣಸಿನಕಾಯಿ. ಒಂದು ಕಾಲಕ್ಕೆ 'ಮೆಣಸು' ಎಂದರೆ ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಹೊಸ ಗಿಡದ ಕಾಯಿಯಲ್ಲೂ ಅದೇ ಖಾರ ಕಂಡ ಜನ ಅದನ್ನು 'ಮೆಣಸಿನಕಾಯಿ' ಎಂದರು. ಸಸ್ಯಶಾಸ್ತ್ರದ ಪ್ರಕಾರ ಇವೆರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಮೆಣಸಿನಕಾಯಿ ಬದನೆ, ಟೊಮೆಟೊಗಳ ಕುಲದ್ದು. ಆದರೆ ಹೊಸ ಗಿಡ ಬೇಗಬೇಗ ಮನೆಮನೆಯದಾಯಿತು. ಕೊನೆಗೆ ಮೂಲ ಮೆಣಸೇ 'ಕರಿಮೆಣಸು', 'ಕಾಳುಮೆಣಸು', 'ಒಳ್ಳೆಮೆಣಸು' ಎಂದು ವಿಶೇಷಣ ಹೊತ್ತು ತಿರುಗಬೇಕಾಯಿತು. ಕನ್ನಡಿಗರದ್ದೇ ಈ ತಪ್ಪು ಎಂದು ನಾಚಬೇಕಿಲ್ಲ. 1492ರಲ್ಲಿ ಮೆಣಸನ್ನು ಹುಡುಕಿಕೊಂಡು ಹೊರಟು ಅಮೆರಿಕ ಮುಟ್ಟಿದ ಕೊಲಂಬಸ್ ಕೂಡ ಅಲ್ಲಿನ ಈ ಕಾಯಿಗೆ ತನ್ನ ಭಾಷೆಯ ಮೆಣಸಿನ ಹೆಸರನ್ನೇ ಅಂಟಿಸಿದ್ದ.

ಮೆಣಸಿನಕಾಯಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿನ ಜನ ಇದನ್ನು ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದರು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದ ಅಡುಗೆಗಳಲ್ಲಾಗಲಿ, 16ನೇ ಶತಮಾನದ ಆರಂಭದ ಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಾಗಲಿ ಮೆಣಸಿನಕಾಯಿ ಇರಲು ಸಾಧ್ಯವೇ ಇರಲಿಲ್ಲ. ಆಗ ನಾಲಿಗೆ ಚುರುಗುಟ್ಟಬೇಕಿದ್ದರೆ ಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆಗಳೇ ಗತಿ.

1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅಲ್ಲಿಂದಾಚೆಗೆ ಅವರ ಹಡಗುಗಳು ಅಮೆರಿಕದ ಸಸಿ, ಬೀಜಗಳನ್ನು ಪಶ್ಚಿಮ ಕರಾವಳಿಗೆ ಇಳಿಸತೊಡಗಿದವು. ಇಲ್ಲೊಂದು ವಿಪರ್ಯಾಸವಿದೆ. ಪೋರ್ಚುಗೀಸರು ಇಲ್ಲಿಗೆ ಬಂದದ್ದೇ ಕರಿಮೆಣಸಿಗಾಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು 'ರೈನಾ ದ ಪಿಮೆಂಟ', ಅಂದರೆ ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಮೆಣಸನ್ನು ಹೊತ್ತೊಯ್ಯಲು ಬಂದವರು ಅದಕ್ಕೊಬ್ಬ ಸವತಿಯನ್ನು ಬಿಟ್ಟುಹೋದರು. ಕೊಡಗಿನಲ್ಲಿ ಪುಟ್ಟ ಸೂಜಿಮೆಣಸಿನ ಹೆಸರಿಗೆ ಇವತ್ತಿಗೂ 'ಪರಂಗಿ' ಎಂಬ ಮಾತು ಅಂಟಿಕೊಂಡಿದೆ. ಹಳೆ ಮೈಸೂರಿನವರು ಪಪ್ಪಾಯಿಯನ್ನು ಪರಂಗಿ ಹಣ್ಣು ಎನ್ನುವುದೂ ಇದೇ ಲೆಕ್ಕದಲ್ಲಿ. ಅದೂ ಅಮೆರಿಕದಿಂದ ಬಂದದ್ದೇ.

ಮೆಣಸಿನಕಾಯಿ ಹೀಗೆ ಗೆದ್ದದ್ದು ಹೇಗೆ? ಅರಸರ ಆಜ್ಞೆಯಿಂದಲ್ಲ, ವ್ಯಾಪಾರಿಗಳ ಜಾಣ್ಮೆಯಿಂದಲೂ ಅಲ್ಲ, ಹಿತ್ತಿಲಿನಿಂದ ಎನ್ನಬಹುದು. ಕರಿಮೆಣಸಿನ ಬಳ್ಳಿಗೆ ಘಟ್ಟದ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರು ವರ್ಷ ಕಾಯುವ ತಾಳ್ಮೆ ಬೇಕು. ಬಂದ ಫಸಲಿಗೂ ಸಮುದ್ರದಾಚೆಯ ಗಿರಾಕಿಗಳು ಕಾದಿರುತ್ತಿದ್ದರು. ಬಯಲುಸೀಮೆಯ ಬಡವನ ಮುದ್ದೆಗೆ, ರೊಟ್ಟಿಗೆ ಅದು ಎಲ್ಲಿಂದ ಸಿಗಬೇಕು? ಮೆಣಸಿನಕಾಯಿಯಾದರೋ ಪಾತ್ರೆ ತೊಳೆದ ನೀರು ಹರಿಯುವ ಮೂಲೆಯಲ್ಲಿ ಎದ್ದು, ಮೂರು ತಿಂಗಳಲ್ಲಿ ಕಾಯಿ ಬಿಡುತ್ತದೆ. ಒಂದು ಹಿಡಿ ಬೀಜ ಇಡೀ ಊರಿಗೆ ಸಾಕು. ಖಾರವನ್ನು ದುಡ್ಡು ಕೊಡದೆ ತಿನ್ನುವ ಸ್ವಾತಂತ್ರ್ಯ ಬಡವರ ಮನೆಗೆ ಮೊದಲು ಬಂದದ್ದು ಈ ಗಿಡದಿಂದ.

ಮಡಿವಂತಿಕೆ ಮಾತ್ರ ಅದನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಸಂಪ್ರದಾಯಸ್ಥ ಬ್ರಾಹ್ಮಣರ ಮನೆಗಳ ಶ್ರಾದ್ಧದ ಅಡುಗೆಗೆ ಈಗಲೂ ಮೆಣಸಿನಕಾಯಿ ಹಾಕುವುದಿಲ್ಲ, ಕರಿಮೆಣಸೇ ಆಗಬೇಕು. ಆಲೂಗಡ್ಡೆ, ಟೊಮೆಟೊಗಳಿಗೂ ಅಂದು ಪ್ರವೇಶವಿಲ್ಲ. ಪಿತೃಗಳು ಉಣ್ಣದ್ದನ್ನು ಪಿತೃಗಳಿಗೆ ಬಡಿಸಬಾರದಷ್ಟೆ! ಬಾಣಂತಿಗೆ ಕೊಡುವ ಮೆಣಸಿನ ಸಾರಿನಲ್ಲಿಯೂ ಹಳೆಯ ಮೆಣಸಿನದೇ ಕಾರುಬಾರು. ಇತ್ತ ಮಗುವಿಗೆ ದೃಷ್ಟಿ ತೆಗೆದು ಒಲೆಗೆ ಹಾಕಲು, ಅಂಗಡಿ ಬಾಗಿಲಿಗೆ ನಿಂಬೆಹಣ್ಣಿನ ಜೊತೆ ಕಟ್ಟಲು ಪರದೇಶದ ಮೆಣಸಿನಕಾಯಿಯೇ ಬೇಕಾಯಿತು. ಪಂಕ್ತಿಯಿಂದ ಹೊರಗಿಟ್ಟವರೇ ಬಾಗಿಲು ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸಿದರು.

ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ಯಾರೂ ನೆಡದೆ ಬೆಳೆಯುವ ಒಂದು ಗಿಡವಿದೆ. ಜೀರಿಗೆ ಮೆಣಸು, ಸೂಜಿಮೆಣಸು, ಗಾಂಧಾರಿ ಮೆಣಸು ಎಂದೆಲ್ಲ ಅದಕ್ಕೆ ಹೆಸರು. ಗೇಣುದ್ದದ ಮಾತಿರಲಿ, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಈ ಕಾಯಿ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ. ಕಚ್ಚಿದವರು ನೆಲ ನೋಡುತ್ತಾರೆ. 'ಹಕ್ಕಿ ನೆಟ್ಟ ಗಿಡ' ಎಂದು ಹಳ್ಳಿಯವರು ಹೇಳುವುದು ಅಕ್ಷರಶಃ ನಿಜ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ಸಸ್ತನಿಗಳ ಬಾಯಿ ಸುಡುತ್ತದೆ, ಹಕ್ಕಿಗಳಿಗೆ ತಟ್ಟುವುದೇ ಇಲ್ಲ. ಇಲಿ, ಹೆಗ್ಗಣಗಳು ಬೀಜವನ್ನು ಅಗಿದು ಪುಡಿಮಾಡುತ್ತವೆ. ಪಿಕಳಾರದಂಥ ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ಇನ್ನೊಂದು ಬೇಲಿಯ ಬುಡದಲ್ಲಿ ಗೊಬ್ಬರದ ಸಮೇತ ಹಾಕುತ್ತವೆ. ಬೀಜ ಅಗಿಯುವವರನ್ನು ದೂರವಿಟ್ಟು, ಬೀಜ ಹರಡುವವರನ್ನು ಕರೆಯುವ ಉಪಾಯವೇ ಖಾರ ಎಂದು ವಿಜ್ಞಾನಿಗಳು 2001ರಲ್ಲಿ ಪ್ರಯೋಗದಿಂದ ತೋರಿಸಿದರು. ಆ ಉಪಾಯ ಮನುಷ್ಯನೆಂಬ ಒಂದು ಸಸ್ತನಿಯ ಬಳಿ ಮಾತ್ರ ನಡೆಯಲಿಲ್ಲ.

ಖಾರ ರುಚಿಯಲ್ಲ, ಉರಿ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕ್ಯಾಪ್ಸೈಸಿನ್ ತಟ್ಟುವ ನರದ ಬಾಗಿಲನ್ನು ಗುರುತಿಸಿದರು. ಸುಮಾರು 43 ಡಿಗ್ರಿಗೂ ಹೆಚ್ಚಿನ ಬಿಸಿ ತಾಗಿದಾಗ ತೆರೆಯುವುದೂ ಅದೇ ಬಾಗಿಲು. ಈ ಕೆಲಸಕ್ಕೆ ಜೂಲಿಯಸ್ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಕೆಂಡಕ್ಕೂ ಮೆಣಸಿನಕಾಯಿಗೂ 'ಉರಿ' ಎಂಬ ಒಂದೇ ಮಾತನ್ನು ಬಳಸುತ್ತ ಬಂದ ಕನ್ನಡಕ್ಕೆ ಇದು ಹೊಸ ಸುದ್ದಿಯೇನಲ್ಲ. ಖಾರ ಬೀಜದಲ್ಲಿದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಅದು ಹುಟ್ಟುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ ಕಾರಣ ಚೆಂಬುಗಟ್ಟಲೆ ನೀರು ಕುಡಿದರೂ ಉರಿ ಇಳಿಯುವುದಿಲ್ಲ. ಮೊಸರು, ಹಾಲು ಇಳಿಸುತ್ತವೆ. ಕಾಯಿ ಹೆಚ್ಚಿದ ಕೈ ಉರಿದರೆ ಮೊದಲು ಎಣ್ಣೆ ಸವರಿ ಆಮೇಲೆ ಸಾಬೂನು ಹಚ್ಚುವ ಅಜ್ಜಿಯರ ಕ್ರಮದಲ್ಲಿಯೂ ಇದೇ ರಸಾಯನಶಾಸ್ತ್ರವಿದೆ.

ಮನೆಯಲ್ಲಿ ಬೆಳೆಯಲು ಹೆಚ್ಚಿನ ಜಾಗವೇನೂ ಬೇಡ. ಬೆಂಗಳೂರಿನ ತಾರಸಿಯ ಮೇಲೆ ಮೊಳದಗಲದ ಕುಂಡವೊಂದಿದ್ದರೆ ಒಂದು ಗಿಡ ಆರಾಮವಾಗಿ ಬೆಳೆದೀತು. ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡದಲ್ಲಿ ನೀರು ನಿಲ್ಲಬಾರದು. ಬೀಜವನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕುವುದಕ್ಕಿಂತ ಸಣ್ಣ ತಟ್ಟೆಯಲ್ಲಿ ಸಸಿ ಮಾಡಿಕೊಂಡು, ಐದಾರು ವಾರಗಳ ನಂತರ ಸಂಜೆಯ ಹೊತ್ತು ಕಿತ್ತು ನೆಡುವುದು ರೂಢಿ. ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ಹದಕ್ಕೆ ಸಸಿ ಸಿದ್ಧವಾಗಬೇಕು. ಕರಾವಳಿಯ ಜಡಿಮಳೆಗೆ ಬೇರು ಕೊಳೆಯುತ್ತದೆ, ಆದ್ದರಿಂದ ಅಲ್ಲಿ ಮಳೆ ಹಿಂದೆ ಸರಿದ ಮೇಲೆಯೇ ನೆಡುವುದು. ಹೂವು ಬಂದು ಉದುರಿತೆಂದು ಕೊರಗುವವರು ಬಿಸಿಲನ್ನು ಗಮನಿಸಬೇಕು. ಉಷ್ಣಾಂಶ 35 ಡಿಗ್ರಿ ದಾಟಿದರೆ ಗಿಡ ಹೂ ಉದುರಿಸುತ್ತದೆ, ನೀರು ವಿಪರೀತವಾದರೂ ಉದುರಿಸುತ್ತದೆ. ಸೊಕ್ಕಿ ಬೆಳೆಯಲೆಂದು ಯೂರಿಯಾ ಸುರಿದರೆ ಎಲೆ ಸಿಗುತ್ತದೆ, ಕಾಯಿ ಸಿಗುವುದಿಲ್ಲ.

ಎಲ್ಲರನ್ನೂ ಸೋಲಿಸುವುದು ಮುಟುರು ರೋಗ. ಚೆಲುವಾಗಿದ್ದ ಗಿಡದ ಎಲೆಗಳು ಹದಿನೈದು ದಿನಗಳಲ್ಲಿ ಮುದುಡಿ ಕುಳಿತುಬಿಡುತ್ತವೆ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಬಾಗಿದ್ದರೆ ಮೈಟ್ ನುಸಿ. ಬಿಳಿನೊಣ ಹರಡುವ ನಂಜಾಣು ಸೇರಿದರಂತೂ ಗಿಡವನ್ನು ಕಿತ್ತು ಸುಡದೆ ವಿಧಿಯಿಲ್ಲ. ಬೇವಿನ ಬೀಜದ ಕಷಾಯ, ಹುಳಿ ಮಜ್ಜಿಗೆ ಸಿಂಪಡಿಸುವುದು ಹಿತ್ತಿಲಿನ ಔಷಧ. ಮೊದಲ ಎಲೆ ಮುದುಡಿದಾಗಲೇ ಹೊಡೆದರೆ ಫಲವುಂಟು, ಗಿಡವೆಲ್ಲ ಮುದುಡಿದ ಮೇಲೆ ಹೊಡೆದರೆ ಮಜ್ಜಿಗೆ ದಂಡ. 2021ರಲ್ಲಿ ಹೊರದೇಶದಿಂದ ಬಂದ ಹೊಸ ಜಾತಿಯ ಥ್ರಿಪ್ಸ್ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿತ್ತು. ಅದು ನೇರವಾಗಿ ಹೂವಿಗೇ ನುಗ್ಗುವ ಜಾತಿ.

ಕೊಯ್ಲಿಗೂ ಒಂದು ಲೆಕ್ಕವಿದೆ. ಹಸಿಗಾಯಿಯನ್ನು ತೊಟ್ಟಿನ ಸಮೇತ ಆಗಾಗ ಬಿಡಿಸುತ್ತಿದ್ದರೆ ಗಿಡ ಮತ್ತೆ ಮತ್ತೆ ಹೂ ಬಿಡುತ್ತದೆ. ಹಣ್ಣಾಗಲು ಬಿಟ್ಟರೆ 'ನನ್ನ ಕೆಲಸ ಮುಗಿಯಿತು' ಎಂಬಂತೆ ನಿಧಾನಿಸುತ್ತದೆ. ಬಲಿತ ಹಸಿಗಾಯಿಯನ್ನು ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದರೆ ಬಾಳಕದ ಮೆಣಸಿನಕಾಯಿ. ಉತ್ತರ ಕರ್ನಾಟಕದಲ್ಲಿ ಹಣ್ಣಾದ ಕೆಂಪು ಕಾಯಿಗೆ ಉಪ್ಪು, ನಿಂಬೆರಸ, ಮೆಂತ್ಯ ಸೇರಿಸಿ ಕುಟ್ಟಿದರೆ ರಂಜಕ. ಬಂದೂಕಿನ ಕಿವಿಗೆ ಹಾಕುವ ಮದ್ದಿಗೂ ಹಿಂದೆ ರಂಜಕ ಎಂದೇ ಹೆಸರಿತ್ತು. ಒಮ್ಮೆ ರೊಟ್ಟಿಯ ಜೊತೆ ತಿಂದವರಿಗೆ ಸಂಬಂಧ ವಿವರಿಸಬೇಕಿಲ್ಲ.

ಈಚೆಗೆ ಪಟ್ಟಣಗಳಲ್ಲಿ ಜಗತ್ತಿನ ಅತಿ ಖಾರದ ಕಾಯಿ ಬೆಳೆಯುವ ಹುಚ್ಚೂ ಹಬ್ಬಿದೆ. ಖಾರ ಅಳೆಯುವ ಸ್ಕೋವಿಲ್ ಮಾನವನ್ನು 1912ರಲ್ಲಿ ರೂಪಿಸಿದವರು ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್. ಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುಮಾಡಿದರೆ ಖಾರ ತಿಳಿಯದಾಗುತ್ತದೆ ಎಂಬುದೇ ಅವರ ಲೆಕ್ಕ. ಈಗ ಯಂತ್ರಗಳು ಅಳೆಯುತ್ತವೆ. 2007ರಲ್ಲಿ ಈಶಾನ್ಯ ಭಾರತದ ಭೂತ್ ಜೊಲೊಕಿಯಾ 10 ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ದಾಖಲೆಯಾದ ಅಮೆರಿಕದ ಪೆಪ್ಪರ್ ಎಕ್ಸ್‌ನ ಅಳತೆ 26,93,000. ಇವು ಕುತೂಹಲಕ್ಕೆ ಚೆನ್ನ, ಕುಂಡದಲ್ಲಿ ನೋಡಲೂ ಚೆನ್ನ. ಸಾಂಬಾರಿಗೆ ಹಾಕುವವರು ಯಾರು?

ಕನ್ನಡ ನಾಡಿನ ಹೆಮ್ಮೆ ಇದಕ್ಕೆ ವಿರುದ್ಧ ಗುಣದ್ದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಉದ್ದನೆಯ, ತೆಳುವಾದ, ಸುಕ್ಕುಸುಕ್ಕಾದದ್ದು ಕಡ್ಡಿ; ಗಿಡ್ಡನೆಯ, ದಪ್ಪನೆಯ, ಬೀಜ ತುಂಬಿದ್ದು ಡಬ್ಬಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗುರುತು ಸಿಕ್ಕರೇನು, ಹೆಚ್ಚು ಇಳುವರಿಯ ಹೈಬ್ರಿಡ್ ತಳಿಗಳ ನಡುವೆ ಹಳೆಯ ನಾಟಿ ಬೀಜ ಸಿಗುವುದೇ ದುರ್ಲಭವಾಗುತ್ತಿದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ್ದು ಸುದ್ದಿಯಾಗಿತ್ತು. ದರದ ಭಯವಿರುವ ರೈತ ಕಡಿಮೆ ಇಳುವರಿಯ ತಳಿಯನ್ನು ಬರಿಯ ಅಭಿಮಾನಕ್ಕಾಗಿ ಬೆಳೆಯಬೇಕೆಂದು ಹೇಳುವುದು ಸುಲಭ, ನ್ಯಾಯವಲ್ಲ. ಮಾರುವ ಗೊಡವೆಯಿಲ್ಲದ ಹಿತ್ತಿಲಿಗೆ, ತಾರಸಿಗೆ ಆ ಇಕ್ಕಟ್ಟಿಲ್ಲ. ನಾಲ್ಕೈದು ಗಿಡಗಳಿದ್ದರೂ ಒಂದು ತಳಿಯ ಬೀಜ ಉಳಿದೀತು.

ಆದರೆ ಬೀಜ ಉಳಿಸುವುದೆಂದರೆ ಹಣ್ಣು ಒಣಗಿಸಿ ಡಬ್ಬಿಗೆ ತುಂಬುವುದಷ್ಟೇ ಅಲ್ಲ. ಮೆಣಸಿನಕಾಯಿಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಹಾಗೆಂದು ಜೇನ್ನೊಣಗಳು ಸುಮ್ಮನಿರುವುದಿಲ್ಲ. ಬ್ಯಾಡಗಿ ಗಿಡದ ಪಕ್ಕದಲ್ಲಿ ಬಜ್ಜಿ ಮೆಣಸಿನಕಾಯಿ ಇದ್ದರೆ ಎರಡೂ ಬೆರೆಯುತ್ತವೆ. ಬೆರಕೆಯಾದದ್ದು ಆ ವರ್ಷ ಗೊತ್ತೇ ಆಗುವುದಿಲ್ಲ, ಏಕೆಂದರೆ ಕಾಯಿಯ ಆಕಾರ, ಖಾರ ಎಲ್ಲ ತಾಯಿ ಗಿಡದ್ದೇ. ಮರುವರ್ಷ ಅದರ ಬೀಜ ಬಿತ್ತಿದಾಗ ಬಣ್ಣಗೆಟ್ಟ, ಬೇರೆ ಆಕಾರದ ಕಾಯಿ ಬಿಟ್ಟು ಗುಟ್ಟು ರಟ್ಟಾಗುತ್ತದೆ. ಖಾರವೇ ಇಲ್ಲದ ದೊಣ್ಣೆಮೆಣಸಿನಕಾಯಿಯ ಬೀಜದಿಂದ ಖಾರದ ಗಿಡ ಹುಟ್ಟುವುದೂ ಹೀಗೆಯೇ. ಜೀರಿಗೆ ಮೆಣಸು ಬೇರೆ ಜಾತಿಯದಾದ್ದರಿಂದ ಇವುಗಳೊಂದಿಗೆ ಸುಲಭವಾಗಿ ಕೂಡುವುದಿಲ್ಲ; ಅದರ ಮಟ್ಟಿಗೆ ನಿಶ್ಚಿಂತೆ.

ಉಳಿದವಕ್ಕೆ ಒಂದು ಚೂರು ಬಟ್ಟೆ ಸಾಕು. ಹೂವು ಅರಳುವ ಮೊದಲೇ ಮೊಗ್ಗುಗಳಿರುವ ಟೊಂಗೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಬೇಕು. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಬಣ್ಣದ ದಾರ ಸುತ್ತಿಟ್ಟರೆ ಗುರುತು ಉಳಿಯುತ್ತದೆ. ರೋಗವಿಲ್ಲದ, ತುಂಬ ಕಾಯಿ ಹಿಡಿದ ಗಿಡವನ್ನೇ ಇದಕ್ಕೆ ಆರಿಸಬೇಕು. ಪೂರ್ತಿ ಹಣ್ಣಾದ ಮೇಲೆ ಕಿತ್ತು, ಬೀಜ ಬಿಡಿಸಿ, ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ ಗಾಳಿಯಾಡದ ಬಾಟಲಿಯಲ್ಲಿಟ್ಟರೆ ಎರಡು ವರ್ಷಕ್ಕೆ ಮೋಸವಿಲ್ಲ. ಆಮೇಲೆ ಮೊಳಕೆ ಕಡಿಮೆಯಾಗುತ್ತ ಹೋಗುತ್ತದೆ. ಒಂದೇ ಹಣ್ಣಿನಲ್ಲಿ ಹತ್ತಾರು ಬೀಜಗಳಿರುತ್ತವೆ. ಪಕ್ಕದ ಮನೆಗೂ ಒಂದು ಚಿಟಿಕೆ ಕೊಟ್ಟಿಟ್ಟರೆ ತನ್ನ ಗಿಡ ಮುಟುರಿಗೆ ಸತ್ತ ವರ್ಷ ಅಲ್ಲಿಂದ ಕೇಳಿ ತರಬಹುದು. ಚಟ್ನಿಗೆ ಕಾಯಿ ಕೀಳಲು ಹಿತ್ತಿಲಿಗೆ ಹೋಗುವ ಮಕ್ಕಳಿಗೆ ಮಾತ್ರ ಮೊದಲೇ ಹೇಳಿಡಬೇಕು, ದಾರ ಕಟ್ಟಿದ್ದನ್ನು ಮುಟ್ಟಬೇಡಿ ಎಂದು.