ಗಾಲ್ಫ್ ನಡಿಗೆಗೆ ಎಂಥ ಬೂಟು?

ದೂರದರ್ಶನದಲ್ಲಿ ನೀವು ಗಾಲ್ಫ್ ಪಂದ್ಯ ನೋಡಿರಬಹುದು. ಆಟಗಾರ ಕೋಲು ಬೀಸುತ್ತಾನೆ, ಬಿಳಿಯ ಚೆಂಡು ಆಕಾಶಕ್ಕೆ ಹಾರುತ್ತದೆ, ಮರುಕ್ಷಣ ದೂರದ ಹಸಿರು ಹಾಸಿನ ಮೇಲೆ ಉರುಳಿ ಕುಳಿಯ ಹತ್ತಿರ ನಿಲ್ಲುತ್ತದೆ. ಈ ಎರಡು ದೃಶ್ಯಗಳ ನಡುವೆ ಏನು ನಡೆಯಿತು? ಆಟಗಾರ ನಡೆದ, ಅಷ್ಟೆ. ಪ್ರೇಕ್ಷಕರಿಗೆ ಬೇಸರವಾದೀತೆಂದು ನಮ್ಮಂಥ ನಿರ್ಮಾಪಕರು ಆ ನಡಿಗೆಯನ್ನು ಸಂಕಲನದ ಹೊತ್ತಿಗೆ ಕತ್ತರಿಸಿಬಿಡುತ್ತೇವೆ. ಆದರೆ ಆಟದ ಬಹುಪಾಲು ಇರುವುದೇ ಆ ಕತ್ತರಿಸಿದ ಭಾಗದಲ್ಲಿ.

ಒಂದು ಚಿಕ್ಕ ಲೆಕ್ಕ ಮಾಡೋಣ. ನುರಿತ ಆಟಗಾರನೊಬ್ಬ 18 ಕುಳಿಗಳ ಒಂದು ಸುತ್ತನ್ನು ಸುಮಾರು 72 ಹೊಡೆತಗಳಲ್ಲಿ ಮುಗಿಸುತ್ತಾನೆ. ಒಂದು ಹೊಡೆತಕ್ಕೆ ಎರಡು ಸೆಕೆಂಡು ಎಂದು ಧಾರಾಳವಾಗಿ ಹಿಡಿದರೂ ಒಟ್ಟು ಎರಡೂವರೆ ನಿಮಿಷ ದಾಟುವುದಿಲ್ಲ. ಸುತ್ತು ಮುಗಿಯಲು ಹಿಡಿಯುವುದು ನಾಲ್ಕು ಗಂಟೆಗೂ ಹೆಚ್ಚು. ಉಳಿದ ಹೊತ್ತೆಲ್ಲ ನಡೆಯುವುದು, ನಿಲ್ಲುವುದು, ದಿಣ್ಣೆ ಹತ್ತುವುದು, ಇಳಿಯುವುದು. ಆದ್ದರಿಂದ ಗಾಲ್ಫ್ ಬೂಟು ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಅಂಗಡಿಯಲ್ಲಿ ಹೇಗೆ ಕಾಣುತ್ತದೆ?’ ಎಂಬುದಲ್ಲ, ‘ಹದಿನೆಂಟನೆಯ ಕುಳಿಯ ಬಳಿ ಹೇಗಿರುತ್ತದೆ?’ ಎಂಬುದು.

ಪಾದ ಹೊರುವ ಭಾರ

ಪೂರ್ಣ ಪ್ರಮಾಣದ ಮೈದಾನದಲ್ಲಿ 18 ಕುಳಿಗಳ ದೂರವನ್ನು ಕೂಡಿಸಿದರೆ ಸಾಮಾನ್ಯವಾಗಿ ಐದೂವರೆಯಿಂದ ಆರೂವರೆ ಕಿಲೋಮೀಟರ್ ಆಗುತ್ತದೆ. ಚೆಂಡು ಯಾವಾಗಲೂ ನೇರವಾಗಿ ಹೋಗುವುದಿಲ್ಲ. ಒಂದು ಕುಳಿಯಿಂದ ಮುಂದಿನದರ ಆರಂಭದ ಜಾಗಕ್ಕೂ ನಡೆಯಬೇಕು. ಹೀಗಾಗಿ ನಿಜವಾಗಿ ನಡೆಯುವ ದೂರ ಎಂಟು ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಒಂದು ಹೆಜ್ಜೆಗೆ 70 ಸೆಂಟಿಮೀಟರ್ ಆದರೆ ಒಟ್ಟು ಸುಮಾರು 11,400 ಹೆಜ್ಜೆ. ಒಂದೊಂದು ಪಾದದ ಪಾಲಿಗೆ 5,700.

ನಡೆಯುವಾಗ ನೆಲವನ್ನು ಊರಿದ ಪಾದದ ಮೇಲೆ ಬೀಳುವ ಗರಿಷ್ಠ ಬಲ ದೇಹದ ತೂಕಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 1.1ರಿಂದ 1.2 ಪಟ್ಟು. 60 ಕಿಲೋ ತೂಗುವ ವಿದ್ಯಾರ್ಥಿಯ ಪಾದ ಪ್ರತಿ ಹೆಜ್ಜೆಗೂ 70 ಕಿಲೋದಷ್ಟು ಭಾರ ಹೊರುತ್ತದೆ. ಇದನ್ನು 5,700ರಿಂದ ಗುಣಿಸಿ ನೋಡಿ. ಒಂದು ಸುತ್ತು ಮುಗಿಯುವುದರೊಳಗೆ ಒಂದು ಪಾದ ತುಣುಕು ತುಣುಕಾಗಿ ಹೊತ್ತ ಭಾರ ಸುಮಾರು 400 ಟನ್!

ಸ್ವಾರಸ್ಯದ ಸಂಗತಿಯೆಂದರೆ, ಶಕ್ತಿಯ ಲೆಕ್ಕದಲ್ಲಿ ಈ ನಡಿಗೆ ಅಷ್ಟೇನೂ ದೊಡ್ಡದಲ್ಲ. ಅಮೆರಿಕದ ಕೇಸಿ ಮಾರ್ಟಿನ್ ಎಂಬ ಆಟಗಾರನಿಗೆ ಕಾಲಿನ ರಕ್ತಸಂಚಾರದ ಹುಟ್ಟುದೋಷವಿತ್ತು. ಸ್ಪರ್ಧೆಯಲ್ಲಿ ಗಾಡಿ ಬಳಸಲು ಅನುಮತಿ ಕೋರಿ ಆತ ನ್ಯಾಯಾಲಯಕ್ಕೆ ಹೋದ. 2001ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 7–2ರ ಬಹುಮತದಿಂದ ಆತನ ಪರ ತೀರ್ಪು ನೀಡಿತು. ಆ ಮೊಕದ್ದಮೆಯಲ್ಲಿ ಒಂದು ಸುತ್ತಿನ ನಡಿಗೆಗೆ ತಗಲುವ ಶಕ್ತಿ ಸುಮಾರು 500 ಕ್ಯಾಲೊರಿ ಎಂಬ ಲೆಕ್ಕ ಮುಂದೆ ಬಂತು. ಅದೂ ಹಲವು ಗಂಟೆಗಳಲ್ಲಿ ಹರಡಿದ ಶಕ್ತಿ. ಅಂದರೆ ಆರೋಗ್ಯವಂತರ ಹೃದಯಕ್ಕಾಗಲಿ ಶ್ವಾಸಕೋಶಕ್ಕಾಗಲಿ ಇದು ಕಠಿಣ ಪರೀಕ್ಷೆಯಲ್ಲ. ಪರೀಕ್ಷೆಗೆ ಒಳಗಾಗುವುದು ಪಾದ.

ಕಮಾನಿನ ಕೌಶಲ

ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ಇವನ್ನು ಬಿಗಿದು ಹಿಡಿಯುವ ಅಸ್ಥಿರಜ್ಜು, ಸ್ನಾಯು ಮತ್ತು ಸ್ನಾಯುರಜ್ಜುಗಳ ಸಂಖ್ಯೆ ನೂರನ್ನು ಮೀರುತ್ತದೆ. ಮೂಳೆಗಳು ಸೇತುವೆಯ ಕಮಾನಿನಂತೆ ಜೋಡಣೆಗೊಂಡಿವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಗಟ್ಟಿಯಾದ ತಂತುಪಟ್ಟಿಯೊಂದು ಬಿಲ್ಲಿನ ಹೆದೆಯ ಹಾಗೆ ಎಳೆದುಕೊಂಡಿರುತ್ತದೆ.

ಇದರ ಕೆಲಸವನ್ನು ಈಗಲೇ ನೋಡಬಹುದು. ಕುಳಿತುಕೊಂಡು ಪಾದವನ್ನು ನೆಲದ ಮೇಲಿಡಿ. ಹೆಬ್ಬೆರಳನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆ ಬಾಗಿಸಿ. ಪಾದದ ಒಳಬದಿಯ ಕಮಾನು ತಾನಾಗಿಯೇ ಎದ್ದಿತಲ್ಲವೆ? ಬೆರಳು ಬಾಗಿದಾಗ ತಂತುಪಟ್ಟಿ ಬಿಗಿಯಾಗಿ ಮೂಳೆಗಳನ್ನು ಒಂದುಗೂಡಿಸುತ್ತದೆ. ಮೆತ್ತಗಿದ್ದ ಪಾದ ಗಟ್ಟಿ ಸನ್ನೆಯಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಪ್ರತಿ ಹೆಜ್ಜೆಯಲ್ಲೂ ಪಾದ ಮೊದಲು ಮೆತ್ತೆ, ಆಮೇಲೆ ಸನ್ನೆ. ಒಳ್ಳೆಯ ಬೂಟು ಈ ಕೆಲಸಕ್ಕೆ ನೆರವಾಗಬೇಕು. ಕೆಟ್ಟ ಬೂಟು ಅಡ್ಡಿಯಾಗುತ್ತದೆ. ತಂತುಪಟ್ಟಿಗೆ ದಿನವೂ ಮಿತಿಮೀರಿ ಎಳೆತ ಬಿದ್ದರೆ ಬೆಳಗಿನ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿ ಚುಚ್ಚಿದಂತೆ ನೋಯುವ ಪ್ಲಾಂಟರ್ ಫೇಶಿಯೈಟಿಸ್ ಕಾಣಿಸಿಕೊಳ್ಳಬಹುದು.

ಎರಡು ಕೆಲಸ, ಒಂದು ಬೂಟು

ಓಟದ ಬೂಟನ್ನೇ ಹಾಕಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಡಿಗೆಯಲ್ಲಿ ಬಲ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ಹೊಡೆತದಲ್ಲಿ ಹಾಗಲ್ಲ. ಬಲಗೈ ಆಟಗಾರ ಕೋಲನ್ನು ಹಿಂದಕ್ಕೆ ಎತ್ತುವಾಗ ದೇಹದ ಭಾರ ಬಲಗಾಲಿಗೆ ಸರಿಯುತ್ತದೆ. ಬೀಸುವಾಗ ಎಡಗಾಲಿಗೆ ನುಗ್ಗುತ್ತದೆ. ಸೊಂಟ ತಿರುಗುತ್ತದೆ, ಎಡಪಾದ ತನ್ನ ಹೊರ ಅಂಚಿನ ಕಡೆಗೆ ಮಗುಚಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮ ನೆನಪಿಸಿಕೊಳ್ಳಿ: ಪಾದ ನೆಲವನ್ನು ತಿರುಚಿದರೆ ನೆಲ ಪಾದವನ್ನು ಎದುರು ದಿಕ್ಕಿಗೆ ತಿರುಚುತ್ತದೆ. ಆ ಪ್ರತಿಕ್ರಿಯೆಯ ಬಲದಿಂದಲೇ ಹೊಡೆತಕ್ಕೆ ಕಸುವು. ಅಟ್ಟೆ ಜಾರಿದರೆ ಕಸುವೂ ಜಾರಿತು.

ಓಟದ ಬೂಟಿನ ಅಟ್ಟೆ ಸಾಮಾನ್ಯವಾಗಿ ದಪ್ಪ ಮತ್ತು ಮೆತ್ತಗೆ. ಮುಂದಕ್ಕೆ ಸಾಗಲು ಅದು ಹಿತ. ಆದರೆ ಪಕ್ಕಕ್ಕೆ ಭಾರ ಬಿದ್ದಾಗ ಅಂಚು ಕುಸಿಯುತ್ತದೆ, ಇಬ್ಬನಿ ಬಿದ್ದ ಇಳಿಜಾರಿನಲ್ಲಿ ಜಾರುತ್ತದೆ. ಗಾಲ್ಫ್ ಬೂಟಿನ ಅಟ್ಟೆ ನೆಲಕ್ಕೆ ಹತ್ತಿರವಾಗಿ, ಅಗಲವಾಗಿ, ಪಕ್ಕಗಳಲ್ಲಿ ಗಟ್ಟಿಯಾಗಿರಬೇಕು. ಜೊತೆಗೆ ಸಾವಿರಾರು ಹೆಜ್ಜೆಗೆ ಮೆತ್ತೆಯೂ ಆಗಬೇಕು. ಹಿತ ಮತ್ತು ಸ್ಥಿರತೆ ಎರಡನ್ನೂ ಒಂದೇ ಬೂಟಿನಲ್ಲಿ ಸರಿತೂಗಿಸುವುದೇ ಇಲ್ಲಿನ ಕಷ್ಟ.

ಇದು ಎಷ್ಟು ಮುಖ್ಯವೆಂಬುದಕ್ಕೆ ಟೈಗರ್ ವುಡ್ಸ್ ಉದಾಹರಣೆ. 2021ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ ಅವರ ಬಲಗಾಲು ನುಚ್ಚುನೂರಾಯಿತು. ವೈದ್ಯರು ಮೂಳೆಗೆ ಲೋಹದ ಸರಳು, ಪಾದಕ್ಕೆ ತಿರುಪು ಜೋಡಿಸಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಅವರು ಅಗಸ್ಟಾದ ಮಾಸ್ಟರ್ಸ್ ಸ್ಪರ್ಧೆಗೆ ಮರಳಿದಾಗ ಕಾಲಲ್ಲಿದ್ದದ್ದು ವರ್ಷಗಳಿಂದ ಒಪ್ಪಂದವಿದ್ದ ನೈಕಿ ಕಂಪನಿಯ ಬೂಟಲ್ಲ, ಫುಟ್‌ಜಾಯ್ ಬೂಟು. ಚಲನೆ ಸೀಮಿತಗೊಂಡ ಕಾಲಿಗೆ ಹೆಚ್ಚಿನ ಸ್ಥಿರತೆ ಬೇಕೆಂಬುದು ಅವರು ಕೊಟ್ಟ ಕಾರಣ. ದಿಣ್ಣೆಗಳಿಂದ ತುಂಬಿದ ಆ ಮೈದಾನದಲ್ಲಿ ನಾಲ್ಕೂ ದಿನ ನಡೆದು 47ನೆಯ ಸ್ಥಾನ ಪಡೆದರು. ಮರುವರ್ಷ ಅದೇ ಸ್ಪರ್ಧೆಯಿಂದ ಅವರು ಮಧ್ಯದಲ್ಲೇ ಹಿಂದೆ ಸರಿದದ್ದು ಪ್ಲಾಂಟರ್ ಫೇಶಿಯೈಟಿಸ್‌ನಿಂದ. ಬೂಟು ಗಾಯವನ್ನು ವಾಸಿಮಾಡಲಾರದು, ಭಾರವನ್ನು ಸರಿಯಾಗಿ ಹಂಚಬಲ್ಲದು ಅಷ್ಟೆ. ಆದರೆ ಕೋಟ್ಯಂತರ ರೂಪಾಯಿಯ ಒಪ್ಪಂದವಿದ್ದವರೂ ಕೊನೆಗೆ ಕೇಳಬೇಕಾದದ್ದು ತಮ್ಮ ಪಾದದ ಮಾತನ್ನು.

ಮೊಳೆ ಬೇಕೆ, ಬೇಡವೆ?

ಹಿಂದೆ ಗಾಲ್ಫ್ ಬೂಟಿಗೆ ಲೋಹದ ಮೊಳೆಗಳಿದ್ದವು. ಹಿಡಿತವೇನೋ ಚೆನ್ನಾಗಿತ್ತು, ಆದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು ಹರಿದುಹೋಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಐಡಾಹೊ ರಾಜ್ಯದಲ್ಲಿ ಚಳಿಗಾಲದಲ್ಲೂ ಹುಲ್ಲು ಕೆಡದಂತೆ ಆಡಲೆಂದು ಪ್ಲಾಸ್ಟಿಕ್ ಮೊಳೆ ರೂಪುಗೊಂಡಿತು. ಕೆಲವೇ ವರ್ಷಗಳಲ್ಲಿ ಅದು ಎಲ್ಲೆಡೆ ಹಬ್ಬಿತು. 2010ರ ಮಾಸ್ಟರ್ಸ್‌ನಲ್ಲಿ ಫ್ರೆಡ್ ಕಪಲ್ಸ್ ಮೊಳೆಯೇ ಇಲ್ಲದ, ರಬ್ಬರ್ ಗುಬಟುಗಳ ಅಟ್ಟೆಯ ಬೂಟು ತೊಟ್ಟು ಆಡಿದ ಮೇಲೆ ಅಂಥವೂ ಜನಪ್ರಿಯವಾದವು.

ಒಣ ನೆಲ, ಸಮತಟ್ಟು ಮೈದಾನವಾದರೆ ಗುಬಟಿನ ಅಟ್ಟೆ ಸಾಕು. ಮಳೆಗಾಲಕ್ಕೆ, ಇಳಿಜಾರಿಗೆ ಪ್ಲಾಸ್ಟಿಕ್ ಮೊಳೆ ಮೇಲು. ಮೊಳೆ ಸವೆದರೆ ಅದನ್ನಷ್ಟೇ ತಿರುಗಿಸಿ ತೆಗೆದು ಹೊಸದು ಹಾಕಬಹುದು. ಗುಬಟು ಸವೆದರೆ ಬೂಟನ್ನೇ ಬದಲಿಸಬೇಕು.

ನೀರು ತಡೆಯುವ ಬೂಟಿನ ಬಗ್ಗೆ ಒಂದು ಮಾತು. ಅದರೊಳಗಿನ ಪೊರೆಯ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ಆವಿಯ ಅಣುವಿಗಿಂತ ದೊಡ್ಡವು. ಹೊರಗಿನ ನೀರು ಒಳಗೆ ಬರದು, ಬೆವರಿನ ಆವಿ ಹೊರಗೆ ಹೋಗುತ್ತದೆ. ಆದರೂ ಜಾಲರಿ ಬಟ್ಟೆಯ ಬೂಟಿನಷ್ಟು ಗಾಳಿ ಆಡುವುದಿಲ್ಲ. ಬೇಸಿಗೆಯಲ್ಲಷ್ಟೇ ಆಡುವವರಿಗೆ ಗಾಳಿಯಾಡುವ ಬೂಟೇ ಹಿತ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಬೆಲೆಯ ಚೀಟಿಗಿಂತ ನಿಮ್ಮ ಕೈಗಳೇ ಹೆಚ್ಚು ಹೇಳುತ್ತವೆ. ಈ ಕ್ರಮ ಅನುಸರಿಸಿ:

1. ಸಂಜೆಯ ಹೊತ್ತು ಹೋಗಿ. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಆಟದ ಕೊನೆಯಲ್ಲೂ ಹಾಗೆಯೇ.

2. ಆಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು, ನಿಂತುಕೊಂಡು ಎರಡೂ ಪಾದ ಅಳೆಸಿ. ಅನೇಕರ ಎರಡು ಪಾದಗಳು ಒಂದೇ ಅಳತೆಯಲ್ಲಿರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದುವ ಬೂಟು ಕೊಳ್ಳಿ.

3. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿದಾಗ ಉಗುರು ತಾಗಬಾರದು.

4. ಬೂಟಿನ ಹಿಂಭಾಗವನ್ನು ಎರಡು ಬೆರಳಿನಿಂದ ಒತ್ತಿ. ಸುಲಭವಾಗಿ ಮಡಚಿದರೆ ಹಿಮ್ಮಡಿಗೆ ಆಧಾರವಿಲ್ಲ. ನಡೆದು ನೋಡಿದಾಗ ಹಿಮ್ಮಡಿ ಬೂಟಿನಿಂದ ಮೇಲೇಳಬಾರದು.

5. ಮುಂಭಾಗ ಮತ್ತು ಹಿಂಭಾಗ ಹಿಡಿದು ಬಾಗಿಸಿ. ಬೂಟು ಬೆರಳುಗಳ ಬುಡದಲ್ಲಿ ಬಾಗಬೇಕು. ನಡುವಿನಲ್ಲೇ ಮಡಚಿದರೆ ಕಮಾನಿಗೆ ಆಸರೆಯಿಲ್ಲ.

6. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸ್ವಲ್ಪ ತಿರುಗಬಹುದು, ಪೂರ್ತಿ ತಿರುಗಬಾರದು.

7. ತೂಗಿ ನೋಡಿ. ಬೂಟಿನಲ್ಲಿ 100 ಗ್ರಾಂ ಹೆಚ್ಚಿದ್ದರೆ ಒಂದು ಸುತ್ತಿನಲ್ಲಿ ಒಂದು ಕಾಲು 570 ಕಿಲೋ ಹೆಚ್ಚಾಗಿ ಎತ್ತಿದಂತಾಯಿತು. ಬೆನ್ನಿನ ಮೇಲಿನ ಭಾರಕ್ಕಿಂತ ಪಾದದ ಮೇಲಿನ ಭಾರ ಹಲವು ಪಟ್ಟು ಹೆಚ್ಚು ಶಕ್ತಿ ಬೇಡುತ್ತದೆ.

‘ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ’ ಎಂದು ಮಾರುವವರು ಹೇಳಿದರೆ ನಂಬಬೇಡಿ. ಚರ್ಮ ಒಂದಿಷ್ಟು ಸಡಿಲವಾಗಬಹುದು. ಬೂಟಿನ ಆಕಾರ ಬದಲಾಗದು. ಹಾಗೆಂದು ಹೊಸ ಬೂಟಿನಲ್ಲಿ ಮೊದಲ ದಿನವೇ 18 ಕುಳಿ ನಡೆಯುವುದೂ ಬೇಡ. ಮನೆಯಲ್ಲಿ ಒಂದೆರಡು ಗಂಟೆ, ಆಮೇಲೆ 9 ಕುಳಿ, ನಂತರ ಪೂರ್ತಿ ಸುತ್ತು.

ಕಾಲುಚೀಲವನ್ನು ಮರೆಯಬೇಡಿ. ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮಕ್ಕೆ ಘರ್ಷಣೆ ಸೇರಿದರೆ ಬೊಬ್ಬೆ ಏಳುತ್ತದೆ. ಉಣ್ಣೆ ಅಥವಾ ಕೃತಕ ನೂಲಿನ ಮಿಶ್ರಣ ಉತ್ತಮ. ಚೀಲದಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡು ಒಂಬತ್ತನೆಯ ಕುಳಿಯ ನಂತರ ಬದಲಿಸಿದರೆ ಇನ್ನೂ ಒಳ್ಳೆಯದು. ನೆನೆದ ಬೂಟನ್ನು ಒಲೆಯ ಬಳಿ ಒಣಗಿಸಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡಿ.

ಆಡದೆ ನಡೆಯುವವರು

ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಅಂದಿನಿಂದಲೂ ಮೈದಾನದಲ್ಲಿ ಆಟಗಾರನ ಜೊತೆ ಇನ್ನೊಬ್ಬರು ನಡೆದಿದ್ದಾರೆ: ಕೋಲುಗಳ ಚೀಲ ಹೊತ್ತ ಕ್ಯಾಡಿ. ಅದೇ ಎಂಟು ಕಿಲೋಮೀಟರ್, ಹೆಗಲ ಮೇಲೆ ಹತ್ತು ಕಿಲೋಗೂ ಹೆಚ್ಚು ಭಾರ. ಹತ್ತು ಕಿಲೋ ಸೇರಿದರೆ ನಮ್ಮ ಲೆಕ್ಕದ 400 ಟನ್, 460 ದಾಟುತ್ತದೆ. ಆಟಗಾರನ ಬೂಟಿಗಾಗಿ ಜಾಹೀರಾತುಗಳಿವೆ. ಕ್ಯಾಡಿಯ ಪಾದದ ಬಗ್ಗೆ ಮಾತು ಕಡಿಮೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ, ಆಗಸ್ಟ್ ತಿಂಗಳ ಸೆಕೆಯಲ್ಲಿ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಕ್ಲಬ್ಬೊಂದನ್ನು ನಡೆಸುವ ಸ್ಥಾನಕ್ಕೆ ಬಂದರೆ, ಕ್ಯಾಡಿಗಳಿಗೆ ಒಳ್ಳೆಯ ಬೂಟು ಕೊಡಿಸುವುದನ್ನು ಮೊದಲ ಖರ್ಚಿನ ಪಟ್ಟಿಯಲ್ಲಿ ಸೇರಿಸಿ.

ನಿಮ್ಮ ಬೂಟನ್ನೂ ನೋಡಿಕೊಳ್ಳಿ

ನಮ್ಮಲ್ಲಿ ಹೆಚ್ಚಿನವರು ಗಾಲ್ಫ್ ಆಡುವುದಿಲ್ಲ. ಆದರೆ ಶಾಲೆಗೆ, ಕಾಲೇಜಿಗೆ, ಬಸ್ ನಿಲ್ದಾಣಕ್ಕೆ ನಡೆಯದವರು ಯಾರು? ಮೇಲಿನ ಪರೀಕ್ಷೆಗಳು ಶಾಲೆಯ ಕಪ್ಪು ಬೂಟಿಗೂ ಸಲ್ಲುತ್ತವೆ. ‘ಬೆಳೆಯುವ ಕಾಲು’ ಎಂದು ಎರಡು ಅಳತೆ ದೊಡ್ಡದನ್ನು ಕೊಡಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿ ಜಾರುತ್ತದೆ, ಬೊಬ್ಬೆ ಏಳುತ್ತದೆ. ತಮ್ಮ ತಂಗಿಯರ ಬೂಟು ಚಿಕ್ಕದಾಯಿತೇ ಎಂದು ಮೂರು ನಾಲ್ಕು ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಿ.

ಇವತ್ತು ಸ್ನಾನವಾದ ಮೇಲೆ ಒದ್ದೆ ಪಾದವನ್ನು ಹಳೆಯ ಕಾಗದದ ಮೇಲೆ ಊರಿ. ಗುರುತಿನ ನಡುಭಾಗ ಕಿರಿದಾಗಿದ್ದರೆ ಕಮಾನು ಎತ್ತರ. ಪೂರ್ತಿ ತುಂಬಿದ್ದರೆ ತಗ್ಗು. ಇದು ಅಂದಾಜು ಮಾತ್ರ. ತಗ್ಗು ಕಮಾನು ರೋಗವಲ್ಲ. ನೋವಿಲ್ಲದಿದ್ದರೆ ಚಿಂತೆ ಬೇಡ. ನೋವು ಎರಡು ಮೂರು ವಾರ ಬಿಡದೆ ಇದ್ದರೆ ಬೂಟಿನಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಬೂಟಿನೊಳಗೆ ಕೈಯಾಡಿಸಿ ಕಲ್ಲು, ಮೊಳೆ, ಮಡಿಕೆ ಇಲ್ಲವೆಂದು ನೋಡಿಕೊಡಿ; ಅವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿ ಗಾಯವೇ ತಿಳಿಯದೆ ಹೋಗಬಹುದು.

ಮುಂದಿನ ಸಲ ಪರದೆಯ ಮೇಲೆ ಗಾಲ್ಫ್ ಬಂದಾಗ ಚೆಂಡನ್ನು ಮಾತ್ರ ನೋಡಬೇಡಿ. ಹೊಡೆತದ ಕ್ಷಣದಲ್ಲಿ ಆಟಗಾರನ ಎಡಪಾದ ಹೇಗೆ ನೆಲವನ್ನು ಹಿಡಿಯುತ್ತದೆ, ಹೊಡೆದ ಮೇಲೆ ಆತ ಹೇಗೆ ನಡೆಯುತ್ತಾನೆ, ಗಮನಿಸಿ.